ಮೇಜಿನ ಮೇಲೆ ವಿಕ್ರಾಂತ್



ಏಳುನೂರು ಅಡಿ ಉದ್ದದ ಯುದ್ಧನೌಕೆಯೊಂದನ್ನು ನಿಮ್ಮ ಓದುವ ಮೇಜಿನ ಮೇಲೆ ತಂದು ನಿಲ್ಲಿಸಬೇಕೆಂದಿಟ್ಟುಕೊಳ್ಳಿ. ಲೆಕ್ಕವೇನೋ ಸುಲಭ. ನಮ್ಮ ದೇಶದ ಮೊಟ್ಟಮೊದಲ ವಿಮಾನವಾಹಕ ನೌಕೆಯಾದ ಐ.ಎನ್.ಎಸ್. ವಿಕ್ರಾಂತ್‌ನ ಉದ್ದ ಸುಮಾರು 213 ಮೀಟರ್. ಇದನ್ನು 350ರಿಂದ ಭಾಗಿಸಿದರೆ 61 ಸೆಂಟಿಮೀಟರ್. 700ರಿಂದ ಭಾಗಿಸಿದರೆ ಸರಿಯಾಗಿ ಒಂದು ಅಡಿ. ನೌಕೆಗಳ ಮಾದರಿ ಮಾಡುವವರಲ್ಲಿ ಈ ಎರಡು ಪ್ರಮಾಣಗಳು ಹೆಚ್ಚು ಬಳಕೆಯಲ್ಲಿವೆ. 1:350ರ ಪ್ರಮಾಣದಲ್ಲಿ ಡೆಕ್ಕಿನ ಮೇಲೆ ನಿಂತ ನಾವಿಕನ ಎತ್ತರ ಐದು ಮಿಲಿಮೀಟರ್, ಅಂದರೆ ಒಂದು ಅಕ್ಕಿಕಾಳಿನಷ್ಟು. ನಾವು ಈ ಪ್ರಮಾಣವನ್ನೇ ಇಟ್ಟುಕೊಂಡು ಮುಂದುವರಿಯೋಣ.

ಅಂಟು, ಬಣ್ಣ, ಉಪ್ಪುಕಾಗದಗಳ ಮಾತು ಆಮೇಲೆ. ಅದಕ್ಕೂ ಮೊದಲು ಉತ್ತರಿಸಬೇಕಾದ ಪ್ರಶ್ನೆಯೊಂದಿದೆ: ನೀವು ಮಾಡಹೊರಟಿರುವುದು ಯಾವ ದಿನದ ವಿಕ್ರಾಂತ್?

ಇದೇನು ವಿಚಿತ್ರ ಪ್ರಶ್ನೆ ಎನ್ನಿಸಬಹುದು. ಹಡಗು ಒಂದೇ ತಾನೆ? ಹೆಸರು ಒಂದೇ, ಆದರೆ ರೂಪ ಒಂದೇ ಅಲ್ಲ. 2001ರಿಂದ 2012ರವರೆಗೆ ಮುಂಬಯಿಯಲ್ಲಿ ವಿಕ್ರಾಂತ್ ವಸ್ತುಸಂಗ್ರಹಾಲಯವಾಗಿ ನಿಂತಿತ್ತು. ಅದನ್ನು ಹತ್ತಿ ನೋಡಿದವರ ನೆನಪಿನಲ್ಲಿ ಉಳಿದಿರುವುದು ಮುಂತುದಿಯಲ್ಲಿ ಮೇಲಕ್ಕೆ ಬಾಗಿದ ಡೆಕ್ಕು, ಜಾರುಬಂಡೆಯನ್ನು ತಿರುಗಿಸಿಟ್ಟ ಹಾಗೆ. ಇದಕ್ಕೆ ಸ್ಕೀ-ಜಂಪ್ ಎನ್ನುತ್ತಾರೆ. 2014ರ ಜನವರಿಯಲ್ಲಿ ಕಾರವಾರಕ್ಕೆ ಬಂದ ವಿಕ್ರಮಾದಿತ್ಯ ನೌಕೆಗೂ ಇಂಥದೇ ಬಾಗು ಇದೆ. ಹೀಗಾಗಿ ನಮ್ಮ ಹುಡುಗರು 1971ರ ಯುದ್ಧದ ಚಿತ್ರ ಬರೆದರೂ ವಿಕ್ರಾಂತ್‌ಗೆ ಬಾಗಿದ ಮೂತಿಯನ್ನೇ ಬರೆಯುವ ಸಂಭವ ಹೆಚ್ಚು. ಆದರೆ ಆ ಯುದ್ಧಕ್ಕೆ ಹೋದ ವಿಕ್ರಾಂತ್‌ನ ಮುಂತುದಿ ಚಪ್ಪಟೆಯಾಗಿತ್ತು. ಅಲ್ಲಿ ಬಾಗು ಇರಲಿಲ್ಲ. ಉಗಿಯ ಬಲದಿಂದ ವಿಮಾನವನ್ನು ಮುಂದಕ್ಕೆ ಎಸೆಯುವ ಕ್ಯಾಟಪಲ್ಟ್ ಇತ್ತು. ನಮ್ಮ ಹಳ್ಳಿಯ ಕವಣೆ ಮಾಡುವ ಕೆಲಸವನ್ನೇ ಅದು ದೊಡ್ಡದಾಗಿ ಮಾಡುತ್ತಿತ್ತು ಎನ್ನಿ.

ಈ ವ್ಯತ್ಯಾಸ ಹೇಗೆ ಬಂತೆಂದು ತಿಳಿಯಲು ಹಡಗಿನ ಜಾತಕವನ್ನು ಸ್ವಲ್ಪ ನೋಡಬೇಕು. ಎರಡನೆಯ ಮಹಾಯುದ್ಧದ ನಡುವೆ, 1943ರಲ್ಲಿ, ಇಂಗ್ಲೆಂಡಿನ ಟೈನ್ ನದಿಯ ದಡದ ವಿಕರ್ಸ್-ಆರ್ಮ್‌ಸ್ಟ್ರಾಂಗ್ ಹಡಗುಕಟ್ಟೆಯಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನಿಂದ ಇದರ ನಿರ್ಮಾಣ ಆರಂಭವಾಯಿತು. ಬೇಗ ಕಟ್ಟಬೇಕು, ಕೆಲವು ವರ್ಷ ದುಡಿಸಿಕೊಂಡರೆ ಸಾಕು ಎಂಬ ಯುದ್ಧಕಾಲದ ಅವಸರದ ವರ್ಗಕ್ಕೆ ಸೇರಿದ ಹಡಗು ಇದು. 1945ರ ಸೆಪ್ಟೆಂಬರ್ 22ರಂದು ನೀರಿಗಿಳಿಯಿತು. ಜಪಾನ್ ಶರಣಾಗತಿಯ ಪತ್ರಕ್ಕೆ ಸಹಿ ಹಾಕಿ ಆಗಲೇ ಇಪ್ಪತ್ತು ದಿನಗಳಾಗಿದ್ದವು! ಯುದ್ಧವೇ ಮುಗಿದ ಮೇಲೆ ಯುದ್ಧನೌಕೆ ಯಾರಿಗೆ ಬೇಕು? 1946ರಲ್ಲಿ ಕೆಲಸ ನಿಂತಿತು. ಅರೆಬರೆಯಾದ ಒಡಲು ಹತ್ತು ವರ್ಷಕ್ಕೂ ಹೆಚ್ಚು ಕಾಲ ಹಾಗೆಯೇ ಬಿದ್ದಿತ್ತು.

1957ರಲ್ಲಿ ಭಾರತ ಅದನ್ನು ಕೊಂಡಿತು. ಬೆಲ್‌ಫಾಸ್ಟ್‌ನ ಹಾರ್ಲೆಂಡ್ ಅಂಡ್ ವೂಲ್ಫ್ ಹಡಗುಕಟ್ಟೆ ಕೆಲಸ ಪೂರ್ಣಗೊಳಿಸಿತು. 1961ರ ಮಾರ್ಚ್ 4ರಂದು ಅದು ವಿಕ್ರಾಂತ್ ಎಂಬ ಹೆಸರಿನಿಂದ ನಮ್ಮ ನೌಕಾಪಡೆಯನ್ನು ಸೇರಿತು. ಹತ್ತು ವರ್ಷ ಕಾದದ್ದರಿಂದ ಒಂದು ಲಾಭವೂ ಆಯಿತು. ಆ ಅವಧಿಯಲ್ಲಿ ಬ್ರಿಟನ್ನಿನಲ್ಲಿ ಮೂರು ಹೊಸ ಸಾಧನಗಳು ಬಂದಿದ್ದವು. ಒಂದು, ಆಗಲೇ ಹೇಳಿದ ಉಗಿಯ ಕ್ಯಾಟಪಲ್ಟ್. ಎರಡನೆಯದು ಕನ್ನಡಿ, ಇಳಿಯುವ ಪೈಲಟ್‌ಗೆ ತಾನು ಬರುತ್ತಿರುವ ಇಳಿಜಾರು ಸರಿಯೇ ತಪ್ಪೇ ಎಂದು ಬೆಳಕಿನಿಂದ ತೋರಿಸುವಂಥದು. ಮೂರನೆಯದು ಓರೆ ಡೆಕ್ಕು, ನನ್ನ ದೃಷ್ಟಿಯಲ್ಲಿ ಮೂರರಲ್ಲಿ ಅತ್ಯಂತ ಜಾಣತನದ್ದು. ಹಿಂದಿನ ನೇರ ಡೆಕ್ಕುಗಳಲ್ಲಿ, ಇಳಿದ ವಿಮಾನದ ಕೊಕ್ಕೆ ಅಡ್ಡಕಟ್ಟಿದ ಉಕ್ಕಿನ ಹಗ್ಗಕ್ಕೆ ಸಿಕ್ಕದಿದ್ದರೆ ಅದು ನೇರ ಹೋಗಿ ಮುಂದೆ ನಿಂತ ವಿಮಾನಗಳ ಮೇಲೆ ಬೀಳುವ ಅಪಾಯವಿತ್ತು. ಇಳಿಯುವ ಪಥವನ್ನು ಎಡಕ್ಕೆ ಕೊಂಚ ಓರೆ ಮಾಡಿದರೆ, ಕೊಕ್ಕೆ ತಪ್ಪಿದ ವಿಮಾನ ಸಮುದ್ರದ ಕಡೆಗೆ ಹಾರಿಹೋಗಿ ಮತ್ತೊಂದು ಸುತ್ತು ಬರಬಹುದು. ಬ್ರಿಟಿಷ್ ನೌಕಾಪಡೆಯ ಡೆನ್ನಿಸ್ ಕ್ಯಾಂಬೆಲ್ 1951ರಲ್ಲಿ ಕೊಟ್ಟ ಸಲಹೆ ಇದು. ಮಹಾಯುದ್ಧಕ್ಕೆಂದು ಕಟ್ಟಿದ ಒಡಲಿನ ಮೇಲೆ ಜೆಟ್ ಯುಗದ ಡೆಕ್ಕು ಕೂತದ್ದು ಹೀಗೆ. ಮಾದರಿ ಮಾಡುವವರು 1940ರ ದಶಕದ ಮೂಲ ನಕ್ಷೆಯನ್ನೇ ನಂಬಿ ಕೂತರೆ ಅವರ ಹಡಗಿಗೆ ಓರೆ ಡೆಕ್ಕೇ ಬರುವುದಿಲ್ಲ. ಆಸ್ಟ್ರೇಲಿಯದ ಮೆಲ್ಬರ್ನ್, ಕೆನಡಾದ ಬೊನಾವೆಂಚರ್ ಇದೇ ವರ್ಗದ ಸೋದರ ನೌಕೆಗಳು. ಒಡಲಿನ ಆಕಾರಕ್ಕೆ ಅವುಗಳ ನಕ್ಷೆ ನೆರವಾದೀತು. ಡೆಕ್ಕಿನ ಮೇಲಿನ ಗೋಪುರಕ್ಕೂ ರೇಡಾರ್ ಕಂಬಗಳಿಗೂ ಅದನ್ನು ನಂಬುವಂತಿಲ್ಲ. ಒಬ್ಬೊಬ್ಬರೂ ತಮಗೆ ಬೇಕಾದಂತೆ ಮುಗಿಸಿಕೊಂಡಿದ್ದರು.

ನಾವು 1971ರ ಡಿಸೆಂಬರ್ 4ನ್ನು ಆರಿಸಿಕೊಳ್ಳೋಣ. ಹಿಂದಿನ ದಿನವಷ್ಟೇ ಪಾಕಿಸ್ತಾನದೊಡನೆ ಯುದ್ಧ ಆರಂಭವಾಗಿತ್ತು. ಪೂರ್ವ ಬಂಗಾಳ ಬಾಂಗ್ಲಾದೇಶವಾಗಲು ಇನ್ನು ಹನ್ನೆರಡು ದಿನಗಳಿದ್ದವು. ಕ್ಯಾಪ್ಟನ್ ಸ್ವರಾಜ್ ಪ್ರಕಾಶ್ ನೇತೃತ್ವದಲ್ಲಿ ಬಂಗಾಳ ಕೊಲ್ಲಿಯಲ್ಲಿದ್ದ ವಿಕ್ರಾಂತ್‌ನಿಂದ ಎಂಟು ಸೀ ಹಾಕ್ ಜೆಟ್ ವಿಮಾನಗಳು ಹಾರಿ ಸುಮಾರು 110 ಕಿಲೋಮೀಟರ್ ದೂರದ ಕಾಕ್ಸ್ ಬಜಾರ್ ಮೇಲೆ ದಾಳಿ ಮಾಡಿದವು. ಅದೇ ದಿನ ಚಿತ್ತಗಾಂಗ್ ಬಂದರಿನ ಸರದಿಯೂ ಬಂತು. 1965ರ ಯುದ್ಧದಲ್ಲಿ ಇದೇ ವಿಕ್ರಾಂತನ್ನು ಮುಳುಗಿಸಿಬಿಟ್ಟೆವೆಂದು ಪಾಕಿಸ್ತಾನ ಹೇಳಿಕೊಂಡಿತ್ತು. ಆಗ ಅದು ಮುಂಬಯಿಯ ಕಟ್ಟೆಯಲ್ಲಿ ದುರಸ್ತಿಗೆಂದು ನಿಂತಿತ್ತು, ಯುದ್ಧಕ್ಕೆ ಹೋಗಿಯೇ ಇರಲಿಲ್ಲ.

ಸರಿ, ದಿನ ಗೊತ್ತಾಯಿತು. ಆ ದಿನದ ಹಡಗು ಹೇಗಿತ್ತೆಂದು ತಿಳಿಯುವುದು ಹೇಗೆ? ಛಾಯಾಚಿತ್ರಗಳಿಂದ. ಆದರೆ ಛಾಯಾಚಿತ್ರದ ಕೆಳಗೆ ಅಚ್ಚಾದ ವರ್ಷವನ್ನು ಕಣ್ಣುಮುಚ್ಚಿ ಒಪ್ಪುವಂತಿಲ್ಲ. ಚಿತ್ರದೊಳಗಿನ ಸಾಕ್ಷ್ಯವನ್ನೇ ಓದಬೇಕು. ಮುಂತುದಿ ಮೇಲಕ್ಕೆ ಬಾಗಿದೆಯೆ? ಹಾಗಾದರೆ ಅದು 1980ರ ದಶಕದ ಕೊನೆಯಲ್ಲಿ ಅಥವಾ ಆಮೇಲೆ ತೆಗೆದದ್ದು, ಏಕೆಂದರೆ ಸ್ಕೀ-ಜಂಪ್ ಕೂಡಿಸಿದ ಕೆಲಸ ಮುಗಿದು ಹಡಗು ಮತ್ತೆ ಸಜ್ಜಾದದ್ದು 1989ರ ವೇಳೆಗೆ. ಮುಂತುದಿ ಚಪ್ಪಟೆಯಾಗಿದ್ದು ಡೆಕ್ಕಿನ ಮೇಲೆ ಸೀ ಹ್ಯಾರಿಯರ್ ವಿಮಾನ ಕಂಡರೆ? ಸೀ ಹ್ಯಾರಿಯರ್ ಬಂದದ್ದು 1983ರ ಡಿಸೆಂಬರ್‌ನಲ್ಲಿ. ಹಾಗಾಗಿ ಚಿತ್ರ ಅದಕ್ಕೂ ಸ್ಕೀ-ಜಂಪ್‌ಗೂ ನಡುವಿನದು. ಸೀ ಹಾಕ್ ಕಂಡರೆ 1970ರ ದಶಕ ಅಥವಾ ಅದಕ್ಕಿಂತ ಹಿಂದಿನದು. 1979ರಿಂದ 1982ರವರೆಗಿನ ದೊಡ್ಡ ದುರಸ್ತಿಯಲ್ಲಿ ಬಾಯ್ಲರುಗಳ ಜೊತೆಗೆ ರೇಡಾರುಗಳೂ ಬದಲಾದವು; ಆದ್ದರಿಂದ ಗೋಪುರದ ಮೇಲಿನ ರೇಡಾರ್ ತಟ್ಟೆಗಳ ಆಕಾರವೂ ಕಾಲವನ್ನು ಹೇಳುತ್ತದೆ. ಶಾಸನದ ಲಿಪಿಯನ್ನು ನೋಡಿ ಇದು ಕದಂಬರ ಕಾಲದ್ದೋ ಹೊಯ್ಸಳರ ಕಾಲದ್ದೋ ಎಂದು ವಿದ್ವಾಂಸರು ನಿರ್ಧರಿಸುವುದಿಲ್ಲವೆ? ಇಲ್ಲಿಯೂ ಅದೇ ಕ್ರಮ. ಅಕ್ಷರದ ಬದಲು ವಿಮಾನ, ರೇಡಾರು.

ಇನ್ನು ಕೈಕೆಲಸ. ಒಡಲನ್ನು ಮರದಲ್ಲಿ ಮಾಡುವ ಹಳೆಯ ವಿಧಾನ ಸರಳವಾಗಿದೆ. ನೌಕೆಯನ್ನು ಅಡ್ಡಡ್ಡಲಾಗಿ, ದೋಸೆಗಳ ಅಟ್ಟಿಯಂತೆ, ಪದರ ಪದರವಾಗಿ ಕತ್ತರಿಸಿದರೆ ಪ್ರತಿ ಪದರದ ಅಂಚು ಯಾವ ಆಕಾರದಲ್ಲಿರುತ್ತದೆಂದು ನಕ್ಷೆ ತೋರಿಸುತ್ತದೆ. ಆ ಆಕಾರಗಳನ್ನು ತೆಳುವಾದ ಪ್ಲೈವುಡ್ಡಿನಲ್ಲಿ ಕತ್ತರಿಸಿ, ಒಂದರ ಮೇಲೊಂದು ಅಂಟಿಸಿ, ಮೆಟ್ಟಿಲಿನಂತೆ ಉಳಿದ ಅಂಚುಗಳನ್ನು ಉಜ್ಜಿ ನುಣುಪು ಮಾಡಬೇಕು. ತಾಳ್ಮೆ ಬೇಕು, ದುಡ್ಡು ಹೆಚ್ಚು ಬೇಡ. ಕಷ್ಟವಾಗುವುದು ಸಣ್ಣ ವಸ್ತುಗಳಲ್ಲಿ. ಒಂದು ಅಂಗುಲ ದಪ್ಪದ ಉಕ್ಕಿನ ಹಗ್ಗ ಈ ಪ್ರಮಾಣದಲ್ಲಿ ತಲೆಗೂದಲಿನಷ್ಟಾಗುತ್ತದೆ. ಕಟಾಂಜನದ ಸರಳುಗಳನ್ನು ನಿಜವಾದ ಅಳತೆಯಲ್ಲಿ ಮಾಡಿದರೆ ಅವು ಕಾಣುವುದೇ ಇಲ್ಲ. ಕಾಣುವಂತೆ ಮಾಡಿದರೆ ಅಳತೆ ತಪ್ಪುತ್ತದೆ. ಬಣ್ಣದಲ್ಲಿಯೂ ಹೀಗೆಯೇ. ನಿಜವಾದ ಹಡಗಿನ ಬೂದು ಬಣ್ಣವನ್ನೇ ತಂದು ಬಳಿದರೆ ಪುಟ್ಟ ಮಾದರಿ ಕಪ್ಪಾಗಿ ಕಾಣುತ್ತದೆ. ದೂರದ ಬೆಟ್ಟ ಮಸುಕಾಗುವಂತೆ ಇದನ್ನೂ ಕೊಂಚ ತಿಳಿ ಮಾಡಬೇಕಾಗುತ್ತದೆ.

ನಿಮಗೊಂದು ಕೆಲಸ ಹೇಳುತ್ತೇನೆ. ರಟ್ಟಿನಲ್ಲಿ 61 ಸೆಂಟಿಮೀಟರ್ ಉದ್ದ, 11 ಸೆಂಟಿಮೀಟರ್ ಅಗಲದ ಪಟ್ಟಿಯೊಂದನ್ನು ಕತ್ತರಿಸಿ. ಬಲಬದಿಯ ಅಂಚಿನಲ್ಲಿ ಗೋಪುರಕ್ಕೆ ಜಾಗ ಬಿಡಿ. ಹಿಂದಿನಿಂದ ಎಡಕ್ಕೆ ಓರೆಯಾಗಿ ಇಳಿಯುವ ಪಥವನ್ನು ಗೆರೆ ಹಾಕಿ. ಈಗ ಸೀ ಹಾಕ್‌ಗಳನ್ನು ಕತ್ತರಿಸಿ: ರೆಕ್ಕೆ ಬಿಚ್ಚಿದರೆ 34 ಮಿಲಿಮೀಟರ್ ಅಗಲ, ಮಡಿಸಿದರೆ 12. ಜಲಾಂತರ್ಗಾಮಿಗಳನ್ನು ಹುಡುಕುವ ಫ್ರೆಂಚ್ ಅಲಿಜೆ ವಿಮಾನಗಳು ಇನ್ನೂ ದೊಡ್ಡವು: ಬಿಚ್ಚಿದಾಗ 45 ಮಿಲಿಮೀಟರ್, ಮಡಿಸಿದಾಗ 20. ಎಂಟು ಸೀ ಹಾಕ್, ನಾಲ್ಕು ಅಲಿಜೆ ಸಾಕು. ಇಳಿಯುವ ಪಥವೂ ಕ್ಯಾಟಪಲ್ಟ್ ದಾರಿಯೂ ತೆರವಾಗಿರುವಂತೆ ಅವನ್ನು ನಿಲ್ಲಿಸಿ ನೋಡಿ. ಸಂತೆಯ ದಿನದ ಬಸ್‌ಸ್ಟ್ಯಾಂಡು ನೆನಪಾಗುತ್ತದೆ! ಒಂದನ್ನು ಕದಲಿಸಬೇಕಾದರೆ ಮೂರನ್ನು ಸರಿಸಬೇಕು. ಕೆಲವನ್ನು ಲಿಫ್ಟಿನಲ್ಲಿ ಕೆಳಗಿನ ಹ್ಯಾಂಗರಿಗೆ ಇಳಿಸದೆ ಗತ್ಯಂತರವಿಲ್ಲ. ದಾಳಿಯ ವರ್ಣನೆಗಳಲ್ಲಿ ಪೈಲಟ್‌ಗಳ ಸಾಹಸ ಧಾರಾಳವಾಗಿ ಬರುತ್ತದೆ, ಬರಲೇಬೇಕು. ಆದರೆ ಆ ಉಕ್ಕಿನ ಅಂಗಳದಲ್ಲಿ, ಬಂಗಾಳ ಕೊಲ್ಲಿಯ ಗಾಳಿಯಲ್ಲಿ ವಿಮಾನಗಳನ್ನು ತಳ್ಳಿ, ಮಡಿಸಿ, ಬಿಚ್ಚಿ, ಇಂಧನ ತುಂಬಿ ಕಳಿಸಿದ ನಾವಿಕರ ಕೆಲಸ ಎಷ್ಟು ಕಷ್ಟದ್ದೆಂದು ಪುಸ್ತಕಕ್ಕಿಂತ ಈ ರಟ್ಟೇ ಚೆನ್ನಾಗಿ ಹೇಳುತ್ತದೆ.

ಮಾದರಿಯಲ್ಲಿ ತೋರಿಸಲು ಆಗದ ಸಂಗತಿಯೂ ಒಂದಿದೆ, ಅದೇ 1971ರ ದೊಡ್ಡ ತಲೆನೋವು. ಯುದ್ಧಕ್ಕೆ ಮುಂಚಿನ ವರ್ಷ ವಿಕ್ರಾಂತ್‌ನ ಬಾಯ್ಲರುಗಳ ನೀರಿನ ಡ್ರಮ್ಮುಗಳಲ್ಲಿ ಬಿರುಕುಗಳು ಕಂಡಿದ್ದವು. ಬೆಸುಗೆ ಹಾಕಿ ಸರಿಪಡಿಸುವಂಥವಲ್ಲ ಅವು. ಬದಲಿ ಡ್ರಮ್ಮುಗಳು ಬ್ರಿಟನ್ನಿನಿಂದ ಬರಬೇಕಿತ್ತು, ಬರಲಿಲ್ಲ. ಹಡಗು ತಿಂಗಳುಗಟ್ಟಲೆ ಕಟ್ಟೆಯಲ್ಲೇ ನಿಂತಿತು. ಇಂಥ ಹಡಗನ್ನು ಯುದ್ಧಕ್ಕೆ ಕಳಿಸುವುದೇ ಬೇಡವೇ ಎಂಬುದು ನಿಜವಾದ ಪ್ರಶ್ನೆಯಾಗಿತ್ತು. 1971ರಲ್ಲಿ ಪರೀಕ್ಷೆಗಳನ್ನು ನಡೆಸಿ, ಬಾಯ್ಲರುಗಳನ್ನು ಕಡಿಮೆ ಒತ್ತಡಕ್ಕೆ ಮಿತಿಗೊಳಿಸಿದಾಗ ಅದರ ವೇಗ 14 ನಾಟ್‌ಗೆ, ಅಂದರೆ ಗಂಟೆಗೆ 26 ಕಿಲೋಮೀಟರಿಗೆ ಇಳಿಯಿತು. ಮೂಲ ವಿನ್ಯಾಸದ ವೇಗ 24 ನಾಟ್‌ಗೂ ಮಿಗಿಲು. ವಿಮಾನವಾಹಕದಲ್ಲಿ ವೇಗ ಕೇವಲ ಊರು ಸೇರುವುದಕ್ಕಲ್ಲ. ಹಡಗು ಗಾಳಿಗೆ ಎದುರಾಗಿ ಓಡಿದಷ್ಟೂ ಡೆಕ್ಕಿನ ಮೇಲೆ ಗಾಳಿ ಬಲವಾಗುತ್ತದೆ. ವಿಮಾನ ಏಳುವುದಕ್ಕೂ ಇಳಿಯುವುದಕ್ಕೂ ಅದೇ ಆಸರೆ. ಓಟ ಕಡಿಮೆಯಾದರೆ ಪೂರ್ತಿ ಭಾರ ಕ್ಯಾಟಪಲ್ಟಿನ ಮೇಲೆ, ಪೈಲಟ್‌ನ ಮೇಲೆ.

ಡ್ರಮ್ಮಿನ ಬಿರುಕನ್ನು 1:350ರಲ್ಲಿ ಕೆತ್ತುವುದಕ್ಕಾಗದು, ಕೆತ್ತಿದರೂ ಒಡಲಿನೊಳಗೆ ಯಾರು ನೋಡುತ್ತಾರೆ? ಆದರೆ ಮಾದರಿಯನ್ನು ಸಮುದ್ರದ ಮೇಲೆ ನಿಲ್ಲಿಸುವುದಾದರೆ ಆ ಬಿರುಕು ಹೊರಗೇ ಕಾಣುತ್ತದೆ. ಮುಂತುದಿ ನೀರನ್ನು ಸೀಳುವಲ್ಲಿ ಏಳುವ ಬಿಳಿ ನೊರೆ ವೇಗಕ್ಕೆ ತಕ್ಕಂತೆ ದೊಡ್ಡದಾಗುತ್ತದೆ. ಪೂರ್ಣ ವೇಗದ ಅಬ್ಬರದ ನೊರೆಯನ್ನು ಹತ್ತಿಯಲ್ಲೋ ಅಂಟಿನಲ್ಲೋ ಮಾಡಿ ಕೂಡಿಸಿದರೆ ಚಿತ್ರ ಚೆಂದವಾಗಬಹುದು, ಇತಿಹಾಸ ತಪ್ಪುತ್ತದೆ. 1971ರ ವಿಕ್ರಾಂತ್‌ಗೆ ಸಣ್ಣ ನೊರೆಯೇ ಸರಿ. ನೋಡುವವರು ಇಷ್ಟೇಕೆ ಸಣ್ಣದು ಎಂದು ಕೇಳಿದರೆ ಬಾಯ್ಲರಿನ ಕಥೆ ಹೇಳುವುದಕ್ಕೆ ಅವಕಾಶವಾಯಿತು. ಆ ಸ್ಥಿತಿಯಲ್ಲೇ ಹೋಗಿ, ಡಿಸೆಂಬರ್ 10ರವರೆಗೆ ದಾಳಿ ನಡೆಸಿ, ಹಡಗು ಮರಳಿತು. ಸ್ವರಾಜ್ ಪ್ರಕಾಶ್ ಅವರಿಗೂ ಸೀ ಹಾಕ್ ದಳವನ್ನು ನಡೆಸಿದ ಸಂತೋಷ್ ಕುಮಾರ್ ಗುಪ್ತ ಅವರಿಗೂ ಮಹಾವೀರ ಚಕ್ರ ಸಂದಿತು.

ಇಷ್ಟೊಂದು ಹಟ ಏಕೆ, ನಿಜವಾದ ಹಡಗನ್ನೇ ಹೋಗಿ ಅಳೆದು ಬರಬಾರದೆ ಎಂದು ನೀವು ಕೇಳಬಹುದು. ಹಡಗು ಈಗಿಲ್ಲ. 1997ರ ಜನವರಿ 31ರಂದು ಸೇವೆಯಿಂದ ನಿವೃತ್ತಿ, ಆಮೇಲೆ ವಸ್ತುಸಂಗ್ರಹಾಲಯ, 2012ರಲ್ಲಿ ಸುರಕ್ಷಿತವಲ್ಲವೆಂದು ಅದಕ್ಕೂ ಬಾಗಿಲು. ಉಳಿಸಿಕೊಳ್ಳಲು ಪ್ರಯತ್ನಗಳು ನಡೆದವು, ಸುಪ್ರೀಂ ಕೋರ್ಟಿನವರೆಗೂ ವ್ಯಾಜ್ಯ ಹೋಯಿತು. ಕೊನೆಗೆ 2014ರ ನವೆಂಬರ್‌ನಲ್ಲಿ ಮುಂಬಯಿಯಲ್ಲಿ ಒಡೆಯುವ ಕೆಲಸ ಶುರುವಾಯಿತು. ಅದರ ಲೋಹದ ಒಂದಂಶ ಮೋಟಾರ್‌ಸೈಕಲ್ಲುಗಳಲ್ಲಿ ಸೇರಿತು, ಒಂದಂಶ ಮುಂಬಯಿಯಲ್ಲಿ 2016ರಲ್ಲಿ ನಿಂತ ಸ್ಮಾರಕವಾಯಿತು. 2022ರಲ್ಲಿ ಕೊಚ್ಚಿಯಲ್ಲಿ ಸೇವೆಗೆ ಸೇರಿದ ಹೊಸ ವಿಕ್ರಾಂತ್ ಹೆಸರನ್ನು ಮುಂದುವರಿಸಿದೆ. ಅದಕ್ಕೂ ಸ್ಕೀ-ಜಂಪ್ ಇದೆ. ಹೀಗೆ ಚಪ್ಪಟೆ ಮೂತಿಯ ಹಳೆಯ ಹಡಗು ಎರಡು ಸಲ ಮರೆಯಾಯಿತು: ಮೊದಲು ತನ್ನದೇ ಹೊಸ ರೂಪದ ಹಿಂದೆ, ಆಮೇಲೆ ಗುಜರಿಯವರ ಗ್ಯಾಸ್ ಕಟರಿನ ಬೆಂಕಿಯಲ್ಲಿ.

ಮಾದರಿಯ ಜೊತೆಗೆ ಒಂದು ನೋಟ್‌ಪುಸ್ತಕ ಇಟ್ಟುಕೊಳ್ಳಿ. ಪ್ರತಿಯೊಂದು ಭಾಗದ ಎದುರಿಗೆ, ಅದನ್ನು ಯಾವ ಚಿತ್ರ ನೋಡಿ ಮಾಡಿದಿರಿ, ಆ ಚಿತ್ರ ಯಾವ ಕಾಲದ್ದು, ಹಾಗೆಂದು ಹೇಗೆ ಗೊತ್ತಾಯಿತು ಎಂದು ಮಸಿಯಲ್ಲಿ ಬರೆಯಿರಿ. ಊಹಿಸಿ ಮಾಡಿದ್ದನ್ನು ಪೆನ್ಸಿಲ್ಲಿನಲ್ಲಿ ಬರೆಯಿರಿ. ಮುಂದೆಂದಾದರೂ ಹಳೆಯ ನಾವಿಕರೊಬ್ಬರು ನಿಮ್ಮ ಶಾಲೆಯ ವಸ್ತುಪ್ರದರ್ಶನಕ್ಕೆ ಬಂದು, ಗೋಪುರದ ಹಿಂದೆ ಆ ದೋಣಿ ಇರಲಿಲ್ಲ ಮಗು ಎಂದರೆ, ಅಳಿಸಿ ತಿದ್ದಲು ಸುಲಭವಾಗುತ್ತದೆ.