ಸಾಮಾನು ಸಾಗಣೆ: ಅಂದು, ಇಂದು

ವರ್ಗಾವಣೆಯ ಆದೇಶ ಕೈಸೇರಿದೊಡನೆ ಮನೆಯಲ್ಲಿ ಏಳುವ ಪ್ರಶ್ನೆ ಒಂದೇ: ಸಾಮಾನನ್ನು ಯಾರಿಗೆ ಒಪ್ಪಿಸುವುದು?

1980ರ ದಶಕದಲ್ಲಿ ಹುಬ್ಬಳ್ಳಿಯಿಂದ ವಡೋದರಕ್ಕೆ ರೈಲಿನಲ್ಲಿ ಸಾಮಾನು ತರಿಸುವ ನಮ್ಮ ಹಿರಿಯರಿಗೆ ಮೀರಜಿನದೇ ಚಿಂತೆ. ಅಲ್ಲಿಯವರೆಗೆ ಮೀಟರ್ ಗೇಜ್, ಮುಂದೆ ಬ್ರಾಡ್ ಗೇಜ್. ಎಲ್ಲವನ್ನೂ ಇಳಿಸಿ ಮತ್ತೆ ಏರಿಸಬೇಕು. 1990ರ ದಶಕದಲ್ಲಿ ಆ ಮಾರ್ಗವೂ ಬ್ರಾಡ್ ಗೇಜ್ ಆಯಿತು. ಇಂದು ಲಾರಿ ಮನೆಬಾಗಿಲಿಗೇ ಬರುತ್ತದೆ.

ಸಾಗಣೆದಾರನ ಹೊಣೆ ಹೊಸತೇನಲ್ಲ. ಸರಕು ಕಳೆದರೆ ಅವನ ಅಲಕ್ಷ್ಯವನ್ನು ಮಾಲೀಕ ರುಜುವಾತುಪಡಿಸಬೇಕಿಲ್ಲವೆಂದು 1865ರ ಕಾಯ್ದೆಯೇ ಹೇಳಿತ್ತು. ಅದರ ಸ್ಥಾನಕ್ಕೆ ಬಂದ 2007ರ ರಸ್ತೆ ಸಾಗಣೆ ಕಾಯ್ದೆ 2011ರಲ್ಲಿ ಜಾರಿಯಾಯಿತು. ನೋಂದಣಿ ಕಡ್ಡಾಯವಾಯಿತು; ಏಜೆಂಟ್, ದಳ್ಳಾಳಿಗಳೂ ಅದರ ವ್ಯಾಪ್ತಿಗೆ ಬಂದರು.

ಮಂಜಲ್‌ಪುರಕ್ಕೆ ಮನೆ ಬದಲಿಸಿದಾಗ ನಮಗಿದು ತಿಳಿದಿರಲಿಲ್ಲ. ಕನ್ನಡ ಮಾತನಾಡಿದನೆಂದು ಏಜೆಂಟನನ್ನು ನಂಬಿ ರಸೀದಿ ಕೇಳಲಿಲ್ಲ. ತಾಯಿಯವರ ಹಿತ್ತಾಳೆ ಪಾತ್ರೆಗಳ ಪೆಟ್ಟಿಗೆ ಬರಲೇ ಇಲ್ಲ. ಬುಕ್ ಮಾಡಿದ 180 ದಿನಗಳೊಳಗೆ ಲಿಖಿತ ನೋಟೀಸು ಕೊಡಬೇಕೆಂದು ತಿಳಿಯುವಷ್ಟರಲ್ಲಿ ಅವಧಿ ಮೀರಿತ್ತು. ಹಬ್ಬ ಬಂದಾಗಲೆಲ್ಲ ಅವರು ಆ ಪಾಯಸದ ಪಾತ್ರೆಯನ್ನು ನೆನೆಯುತ್ತಾರೆ.

ಆದುದರಿಂದ ಬಾಂಧವರಲ್ಲಿ ವಿನಂತಿ: ನೋಂದಣಿ ಸಂಖ್ಯೆ ವಿಚಾರಿಸಿ. ಪೆಟ್ಟಿಗೆಗಳಿಗೆ ಅಂಕಿ ಹಾಕಿ, ಪಟ್ಟಿ ಮಾಡಿ, ಬೆಲೆ ಬರೆಸಿ. ರಸೀದಿ ಕೈಗೆ ಬಂದ ಮೇಲೆಯೇ ಲಾರಿಯನ್ನು ಹೊರಡಗೊಡಿ.