ವಾಟ್ಣಿ ಆಗಿತ್ತೋ ಇಲ್ಲವೋ? – ಗಂಡುಮಕ್ಕಳಿಲ್ಲದವನ ಹೊಲ ಮತ್ತು ಮನಗೂಳಿಯ ಕಲ್ಲು

ಕುಕನೂರಿಗೆ ಹೋದವರೆಲ್ಲ ರಾಷ್ಟ್ರಕೂಟರ ಕಾಲದ ನವಲಿಂಗ ಗುಡಿ ನೋಡಿ, ಕಲ್ಲೇಶ್ವರ ಗುಡಿಗೆ ಒಂದು ಸುತ್ತು ಹಾಕಿ, ಅಲ್ಲಿಂದ ಇಟಗಿಗೆ ಹೋಗ್ತಾರೆ. ಶಾಸನಗಳಲ್ಲಿ ಈ ಊರು 'ಕುಕ್ಕನೂರು', ಬೆಳ್ವೊಲ-300ರಲ್ಲಿದ್ದ ಒಂದು ಅಗ್ರಹಾರ. ಈ ಭಾಗದ ಕಲ್ಲುಗಳಲ್ಲಿ ಹೊಲದ ಮಾತು ಬೇಕಾದಷ್ಟಿದೆ: ಇಷ್ಟು ಮತ್ತರು, ಇಂಥ ಸೀಮೆ, ಇಂಥ ದೇವರಿಗೆ. ಆದರೆ ಅವು ದಾನಶಾಸನಗಳು. ದಾನದ ಹೊಲ ಕಸಿದವನು ಅರವತ್ತು ಸಾವಿರ ವರ್ಷ ಹುಳುವಾಗಿ ಹುಟ್ಟುತ್ತಾನೆ ಎಂಬ ಶಾಪ ದೇವರ ಹೊಲವನ್ನು ಕಾಯುತ್ತದೆ. ಅಣ್ಣತಮ್ಮಂದಿರ ನಡುವಿನ ಹೊಲವನ್ನಲ್ಲ.

ಹಾಗಾದರೆ ಒಬ್ಬ ಒಕ್ಕಲಿಗ ಸತ್ತರೆ ಅವನ ಹೊಲ ಯಾರಿಗೆ? ಅದರಲ್ಲೂ ಗಂಡುಮಕ್ಕಳಿಲ್ಲದೆ ಸತ್ತರೆ?

ಇದಕ್ಕೆ ನೇರ ಉತ್ತರ ಕೊಡುವ ಕಲ್ಲು ಕುಕನೂರಿನ ಉತ್ತರಕ್ಕೆ, ವಿಜಯಪುರ ಜಿಲ್ಲೆಯ ಮನಗೂಳಿಯಲ್ಲಿದೆ. ಮನಗೂಳಿಯ ಶಾಸನಗಳನ್ನು ಫ್ಲೀಟ್ 'ಎಪಿಗ್ರಾಫಿಯಾ ಇಂಡಿಕಾ'ದಲ್ಲಿ ಪ್ರಕಟಿಸಿದರು. ಸುಮಾರು 800 ವರ್ಷ ಹಿಂದಿನ ಆ ಕಟ್ಟಳೆಯ ಸಾರಾಂಶ ಹೀಗಿದೆ: ಊರಲ್ಲಿ ಯಾರಾದರೂ ಗಂಡು ಸಂತಾನವಿಲ್ಲದೆ ಸತ್ತರೆ ಅವನ ಆಳು, ದನಕರು, ಹಣ, ಧಾನ್ಯ, ಮನೆ, ಹೊಲ ಎಲ್ಲವೂ ಅವನ ಹೆಂಡತಿ, ಹೆಣ್ಣುಮಕ್ಕಳು, ವಿಭಕ್ತರಾದ ತಂದೆತಾಯಿ, ಅಣ್ಣತಮ್ಮಂದಿರು, ಅವರ ಮಕ್ಕಳು, ಗೋತ್ರದವರು – ಇವರಲ್ಲಿ ಉಳಿದವರಿಗೆ ಸಲ್ಲಬೇಕು. ಇವರ್ಯಾರೂ ಇಲ್ಲದಿದ್ದರೆ ಮಾತ್ರ ಊರಿನ ಅಧಿಕಾರಿಗಳು ವಶಕ್ಕೆ ಪಡೆದು ಧರ್ಮಕ್ಕೆ ಕೊಡಬೇಕು.

ಹೆಂಡತಿಯ ಹೆಸರು ಮೊದಲಿಗೆ, ಹೆಣ್ಣುಮಕ್ಕಳು ಅವಳ ಹಿಂದೆಯೇ. ಓದಿದ ಕೂಡಲೇ ಖುಷಿಯಾಗುತ್ತದೆ, 'ನೋಡ್ರಿ, ಆಗಲೇ ಹೆಣ್ಣಿಗೆ ಹಕ್ಕಿತ್ತು' ಅಂತ ಹೇಳಿಬಿಡ್ತೀವಿ. ಸ್ವಲ್ಪ ನಿಲ್ಲಿ. ಇಂಜಿನಿಯರ್ ಭಾಷೆಯಲ್ಲಿ ಹೇಳುವುದಾದರೆ ಇದೊಂದು ಫ್ಲೋಚಾರ್ಟ್. ಅದರ ಮೊದಲ ಷರತ್ತು 'ವಿಭಕ್ತ' ಎಂಬ ಒಂದೇ ಪದದಲ್ಲಿ ಅಡಗಿದೆ. ವಿಭಕ್ತ ಎಂದರೆ ಪಾಲಾದವನು. ನಮ್ಮ ಕಡೆಯ ಮಾತಲ್ಲಿ ವಾಟ್ಣಿ ಆದವನು.

ಈ ಪದದ ತೂಕ ತಿಳಿಯಲು ಮಿತಾಕ್ಷರಕ್ಕೆ ಹೋಗಬೇಕು. ಆರನೇ ವಿಕ್ರಮಾದಿತ್ಯನ (1076–1126) ಕಾಲದಲ್ಲಿ, ಕಲ್ಯಾಣದಲ್ಲಿ, ವಿಜ್ಞಾನೇಶ್ವರ ಯಾಜ್ಞವಲ್ಕ್ಯ ಸ್ಮೃತಿಗೆ ಬರೆದ ವ್ಯಾಖ್ಯಾನವದು. ಅದೇ ಅರಸನ ದಂಡನಾಯಕ ಮಹಾದೇವ 1112ರಲ್ಲಿ ಇಟಗಿಯ ಗುಡಿ ಕಟ್ಟಿಸಿದ. ಅಂದರೆ ಬಂಗಾಳ ಮುಂತಾದ ಕಡೆ ಬಿಟ್ಟು ಭಾರತದ ಬಹುಭಾಗದ ಹಿಂದೂ ಕುಟುಂಬಗಳ ಆಸ್ತಿಯನ್ನು ನಡೆಸಿದ ಕಾನೂನು ಹುಟ್ಟಿದ್ದು ಇಟಗಿಯ ಗುಡಿ ಎದ್ದ ಕಾಲದಲ್ಲೇ, ಅದೇ ರಾಜ್ಯದಲ್ಲೇ.

ವಿಜ್ಞಾನೇಶ್ವರ ಹೇಳುವುದು ಎರಡು ಮಾತು. ಪಿತ್ರಾರ್ಜಿತದಲ್ಲಿ ಮಗನಿಗೆ ಹುಟ್ಟಿನಿಂದಲೇ ಹಕ್ಕು. ಇನ್ನು ಮಗನಿಲ್ಲದವನ ಆಸ್ತಿ ಹೆಂಡತಿಗೆ, ಆಮೇಲೆ ಹೆಣ್ಣುಮಕ್ಕಳಿಗೆ. ಆದರೆ ಅವನು ವಾಟ್ಣಿ ಆಗಿ ಬೇರೆ ಇದ್ದು, ಮತ್ತೆ ಕೂಡದೆ ಸತ್ತಿದ್ದರೆ ಮಾತ್ರ. ಕೂಡು ಮನೆಯಲ್ಲೇ ಸತ್ತರೆ ಅವನ ಪಾಲು ಅಣ್ಣತಮ್ಮಂದಿರಲ್ಲಿ ಕರಗುತ್ತದೆ. ವಿಧವೆಗೆ ಉಳಿಯುವುದು ಜೀವನಾಂಶ. ಒಂದೇ ಹೆಂಗಸು, ಒಂದೇ ಹೊಲ, ವಾಟ್ಣಿ ಆಗಿದ್ದರೆ ಒಡತಿ, ಆಗಿರದಿದ್ದರೆ ಅನ್ನಕ್ಕೆ ಕೈಚಾಚುವವಳು.

ಹಾಗಾದರೆ ಊರಿನವರು ಇದನ್ನು ಕಲ್ಲಿಗೆ ಹಾಕಿಸಿದ್ದೇಕೆ? ಎಲ್ಲರೂ ಒಪ್ಪಿ ನಡೆಯುತ್ತಿದ್ದ ಪದ್ಧತಿಯನ್ನು ಯಾರೂ ಅಷ್ಟು ಖರ್ಚು ಮಾಡಿ ಕೊರೆಸುವುದಿಲ್ಲ. ವಾರಸುದಾರರನ್ನು ಹೆಸರು ಹಿಡಿದು ಸಾಲಾಗಿ ಹೇಳಿ, ಕೊನೆಗೆ 'ಯಾರೂ ಇಲ್ಲದಿದ್ದರೆ ಮಾತ್ರ' ಎಂದು ಗೆರೆ ಎಳೆದದ್ದು, ಆ ಗೆರೆ ದಾಟುವವರು ಇದ್ದರು ಅನ್ನುವುದಕ್ಕೆ ಸೂಚನೆ ಅಂತ ನನ್ನ ಓದು. ಕಟ್ಟಳೆಯ ಹಿಂದೆ ಯಾವುದೋ ವಿಧವೆಯ ಜಗಳ ಇದ್ದಿರಬಹುದು. ಇದ್ದರೂ ಅವಳ ಹೆಸರು ಮಾತ್ರ ಕಲ್ಲಿನಲ್ಲಿಲ್ಲ.

ಆ ಷರತ್ತು ಇನ್ನೂ ಸವೆದಿಲ್ಲ. 1956ರ ಹಿಂದೂ ಉತ್ತರಾಧಿಕಾರ ಕಾಯ್ದೆಯೂ ಕೂಡು ಕುಟುಂಬದ ಜನ್ಮಹಕ್ಕನ್ನು ಗಂಡುಮಕ್ಕಳಿಗೇ ಉಳಿಸಿತ್ತು. 1994ರಲ್ಲಿ ಕರ್ನಾಟಕದ ತಿದ್ದುಪಡಿ ಅದನ್ನು ಹೆಣ್ಣುಮಕ್ಕಳಿಗೂ ಕೊಟ್ಟಿತು, ಆದರೆ ಅಷ್ಟರೊಳಗೆ ಮದುವೆಯಾದವರನ್ನು ಹೊರಗಿಟ್ಟು. 2005ರ ಕೇಂದ್ರ ತಿದ್ದುಪಡಿ ಆ ಅಡ್ಡಿ ತೆಗೆಯಿತು. 2020ರ ಆಗಸ್ಟ್ 11ರಂದು ವಿನೀತಾ ಶರ್ಮಾ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್, 2005ರಲ್ಲಿ ತಂದೆ ಬದುಕಿದ್ದನೋ ಇಲ್ಲವೋ ಎಂಬುದು ಮುಖ್ಯವಲ್ಲ, ಮಗಳ ಹಕ್ಕೂ ಹುಟ್ಟಿನಿಂದಲೇ ಬರುತ್ತದೆ ಎಂದಿತು. ವಿಜ್ಞಾನೇಶ್ವರನ ಜನ್ಮಹಕ್ಕೇ ಮಗಳವರೆಗೆ ಬಂದು ಮುಟ್ಟಿತು.

ಆದರೂ ಒಂದು ಬಾಗಿಲು ಉಳಿದಿದೆ: 2004ರ ಡಿಸೆಂಬರ್ 20ಕ್ಕೂ ಮೊದಲು ನೋಂದಣಿಯಾದ ಅಥವಾ ಕೋರ್ಟ್ ಡಿಕ್ರಿಯಾದ ವಾಟ್ಣಿಯನ್ನು ಮುಟ್ಟುವಂತಿಲ್ಲ. ಹಾಗಾಗಿ ಇವತ್ತೂ ತಂಗಿ ಪಾಲು ಕೇಳಿದರೆ ಅಣ್ಣನ ಮೊದಲ ಮಾತು, 'ವಾಟ್ಣಿ ಯಾವಾಗೋ ಆಗೈತ್ರಿ'. ಕಾಗದ ಎಲ್ಲಿ ಅಂದರೆ, 'ಹಿರೇರ ಮುಂದ ಬಾಯಿಮಾತಲ್ಲಿ ಆಗಿತ್ತು'. ಬರೀ ಬಾಯಿಮಾತಿನ ವಾಟ್ಣಿಯನ್ನು ಸುಲಭವಾಗಿ ನಂಬಬಾರದು, ಸಾರ್ವಜನಿಕ ದಾಖಲೆಯ ಆಧಾರ ಬೇಕು ಎಂದು ಅದೇ ತೀರ್ಪು ಹೇಳಿದೆ. ಅಂದು ವಿಧವೆಯನ್ನು ಕಾಯುತ್ತಿದ್ದ ಪದವೇ ಇಂದು ಮಗಳನ್ನು ತಡೆಯಲು ಬಳಕೆಯಾಗುತ್ತಿದೆ.

ಮುಂದಿನ ಸಲ ಯಾವುದಾದರೂ ಶಾಸನ ಓದುವಾಗ ಅರಸನ ಬಿರುದುಗಳನ್ನು ಬೇಗ ದಾಟಿ ಕೊನೆಯ ಸಾಲುಗಳಿಗೆ ಬನ್ನಿ. ವಿಭಕ್ತ, ಅಪುತ್ರಿಕ, ದಾಯಾದ ಎಂಬ ಪದ ಸಿಕ್ಕರೆ ಫೋಟೊ ತೆಗೆದು ಕಳಿಸಿ. ಇಂಥ ಕಲ್ಲು ಮನಗೂಳಿಯಲ್ಲಿ ಮಾತ್ರ ಇದ್ದಿರಲಾರದು.