ಸೀಟಿನ ಹಿಂದಿನ ಚೀಲದ ಚರಿತ್ರೆ

ನಮ್ಮಪ್ಪನ ಸೈಕಲ್ಲಿನ ಸೀಟಿನ ಹಿಂದೆ ಅಂಗೈಯಗಲದ ಒಂದು ಚರ್ಮದ ಚೀಲ ನೇತಾಡುತ್ತಿತ್ತು. ಅದರಲ್ಲಿ ಒಂದು ಪಾನ, ಟೈರು ಎಬ್ಬಿಸುವ ಎರಡು ಕಬ್ಬಿಣದ ಪಟ್ಟಿ, ಸೊಲ್ಯೂಷನ್, ಉಜ್ಜುವ ಕಾಗದ, ಹಳೇ ಟ್ಯೂಬಿನ ತುಂಡು, ಬೆರಳುದ್ದದ ವಾಲ್ ಟ್ಯೂಬು ಇರುತ್ತಿದ್ದವು. ಹೊಲದ ದಾರಿಯ ತುಂಬ ಜಾಲಿ ಮುಳ್ಳು. ಚೀಲ ಬಿಟ್ಟು ಅಪ್ಪ ಎಲ್ಲೂ ಹೋಗುತ್ತಿರಲಿಲ್ಲ. ಈ ಚೀಲ ಹುಟ್ಟಿದ್ದು ಹೇಗೆ ಅಂತ ಹುಡುಕಿಕೊಂಡು ಹೋದರೆ ದಾರಿ ಬಹಳ ದೂರ ಹೋಗುತ್ತದೆ.

ಮೊದಲು ಸೈಕಲ್ಲಿಗೆ ಗಟ್ಟಿ ರಬ್ಬರಿನ ಚಕ್ರ ಇತ್ತು. ಪಂಚರ್ ಅನ್ನುವ ಮಾತೇ ಇಲ್ಲ, ಆದರೆ ಸವಾರನ ಸೊಂಟ ಉಳಿಯುತ್ತಿರಲಿಲ್ಲ. 1888ರಲ್ಲಿ ಐರ್ಲೆಂಡಿನ ಬೆಲ್‌ಫಾಸ್ಟ್‌ನಲ್ಲಿದ್ದ ದನದ ಡಾಕ್ಟರು ಜಾನ್ ಬಾಯ್ಡ್ ಡನ್‌ಲಪ್, ತಮ್ಮ ಮಗನ ಮೂರು ಚಕ್ರದ ಗಾಡಿಗೆಂದು ಮಾಡಿದ ಗಾಳಿ ಟೈರಿಗೆ ಪೇಟೆಂಟ್ ತೆಗೆದುಕೊಂಡರು. (ಇದೇ ಯೋಚನೆಗೆ ರಾಬರ್ಟ್ ಥಾಮ್ಸನ್ ಎಂಬವರು 1845ರಲ್ಲೇ ಪೇಟೆಂಟ್ ಪಡೆದಿದ್ದರಿಂದ ಡನ್‌ಲಪ್ ಪೇಟೆಂಟ್ ಆಮೇಲೆ ನಿಲ್ಲಲಿಲ್ಲ. ಹೆಸರು ಮಾತ್ರ ಡನ್‌ಲಪ್‌ರದೇ ಉಳಿಯಿತು.) ಗಾಳಿ ಬಂತು, ಅದರ ಬೆನ್ನಿಗೇ ಪಂಚರೂ ಬಂತು.

ತೊಂದರೆ ಏನೆಂದರೆ ಆ ಟೈರನ್ನು ರಿಮ್ಮಿಗೆ ಅಂಟಿಸಿಬಿಡುತ್ತಿದ್ದರು. 1889ರಲ್ಲಿ ಫ್ರಾನ್ಸಿನ ಕ್ಲೆರ್ಮಾಂ-ಫೆರಾಂ ಊರಿನ ಮಿಶೆಲಿನ್ ಸೋದರರ ರಬ್ಬರ್ ಕಾರ್ಖಾನೆಗೆ ಒಬ್ಬ ಸವಾರ ಅಂಥ ಟೈರು ಹಿಡಿದು ಬಂದ. ಕಿತ್ತು, ತೇಪೆ ಹಾಕಿ, ಮತ್ತೆ ಅಂಟಿಸಲು ಸುಮಾರು ಮೂರು ಗಂಟೆ ಹಿಡಿಯಿತು. ಅಂಟು ಒಣಗಲು ಒಂದು ರಾತ್ರಿ ಬೇಕಾಯಿತು. ಮರುದಿನ ಎಡ್ವರ್ಡ್ ಮಿಶೆಲಿನ್ ತಾವೇ ಹತ್ತಿ ನೋಡಿದರೆ ಸ್ವಲ್ಪ ದೂರಕ್ಕೇ ಗಾಳಿ ಹೋಯಿತು! ಆದರೂ ಆ ಮೆತ್ತನೆಯ ಓಟ ಅವರಿಗೆ ಹಿಡಿಸಿತ್ತು. ಟೈರು ಸುಲಭವಾಗಿ ಬಿಚ್ಚುವಂತಿರಬೇಕು, ಅಷ್ಟೇ ತಾನೇ? 1891ರಲ್ಲಿ ಅದನ್ನು ಮಾಡಿ ತೋರಿಸಿದರು. ಅದೇ ವರ್ಷ ಸುಮಾರು 1,200 ಕಿಲೋಮೀಟರಿನ ಪ್ಯಾರಿಸ್–ಬ್ರೆಸ್ಟ್–ಪ್ಯಾರಿಸ್ ರೇಸನ್ನು ಶಾರ್ಲ್ ಟೆರೋಂ ಈ ಟೈರಿನ ಮೇಲೆಯೇ ಮೂರು ದಿನಕ್ಕೂ ಕಡಿಮೆ ಹೊತ್ತಿನಲ್ಲಿ ಗೆದ್ದ. ಕಾರ್ಖಾನೆಯ ಕೆಲಸ ರಸ್ತೆ ಬದಿಗೆ ಬಂದದ್ದು ಹೀಗೆ. ಪಟ್ಟಿ, ತೇಪೆ, ಪಂಪು ಜೊತೆಗಿಟ್ಟುಕೊಳ್ಳುವುದಕ್ಕೆ ಅರ್ಥ ಬಂದದ್ದೂ ಆಗಲೇ.

1903ರಲ್ಲಿ ಶುರುವಾದ ಟೂರ್ ದ ಫ್ರಾನ್ಸ್ ರೇಸಿನ ಮೊದಮೊದಲ ವರ್ಷಗಳಲ್ಲಿ ಸೈಕಲ್ ಕೆಟ್ಟರೆ ಸವಾರನೇ ರಿಪೇರಿ ಮಾಡಿಕೊಳ್ಳಬೇಕಿತ್ತು, ಯಾರೂ ಕೈ ಹಚ್ಚುವಂತಿರಲಿಲ್ಲ. ಹಳೆಯ ಫೋಟೋಗಳಲ್ಲಿ ಸವಾರರು ಸ್ಪೇರ್ ಟೈರನ್ನು ಹೆಗಲಿಗೆ ಜನಿವಾರದಂತೆ ಹಾಕಿಕೊಂಡಿರುವುದು ಇದಕ್ಕೇ. 1913ರಲ್ಲಿ ಪಿರನೀಸ್ ಬೆಟ್ಟದ ಟೂರ್‌ಮಲೆ ಘಾಟು ಇಳಿಯುವಾಗ ಯೂಜೀನ್ ಕ್ರಿಸ್ಟೋಫನ ಸೈಕಲ್ಲಿನ ಮುಂದಿನ ಫೋರ್ಕು ಮುರಿಯಿತು. ಮುಂಚೂಣಿಯಲ್ಲಿದ್ದವನು. ಫೋರ್ಕು ಯಾವ ಚೀಲದಲ್ಲಿ ಹಿಡಿಸೀತು? ಸೈಕಲ್ ಹೊತ್ತುಕೊಂಡು ಹತ್ತಾರು ಕಿಲೋಮೀಟರು ನಡೆದು ಸಾಂತ್ ಮರಿ ದ ಕಾಂಪಾಂ ಎಂಬ ಹಳ್ಳಿಯ ಕಮ್ಮಾರಸಾಲೆಗೆ ಬಂದ. ಕಮ್ಮಾರ ಬಾಯಲ್ಲಿ ಹೇಳಬಹುದು, ಮುಟ್ಟುವಂತಿಲ್ಲ. ರೇಸಿನ ಅಧಿಕಾರಿಗಳು ನಿಂತು ಕಾಯುತ್ತಿದ್ದರು. ಕ್ರಿಸ್ಟೋಫ್ ತಾನೇ ಕಬ್ಬಿಣ ಕಾಯಿಸಿ, ಬಡಿದು, ಗಂಟೆಗಟ್ಟಲೆ ಹೆಣಗಿ ಫೋರ್ಕು ಕೂಡಿಸಿದ. ಎರಡೂ ಕೈಗೆ ಕೆಲಸವಿದ್ದಾಗ ಒಬ್ಬ ಹುಡುಗ ತಿದಿ ಒತ್ತಿದ. ಅಷ್ಟಕ್ಕೇ 10 ನಿಮಿಷ ದಂಡ! ಆಮೇಲೆ 3 ನಿಮಿಷಕ್ಕೆ ಇಳಿಸಿದರಂತೆ. ರೇಸು ಹೇಗೂ ಕೈತಪ್ಪಿತ್ತು. ಅವನು 7ನೆಯವನಾಗಿ ಮುಗಿಸಿದ. ನನಗೆ ಮಾತ್ರ ಆ ತಿದಿ ಒತ್ತಿದ ಹುಡುಗನದೇ ನೆನಪು.

ನಮ್ಮ ಕಡೆ ಅಂಥ ನಿಯಮ ಇರಲಿಲ್ಲ. ಕ್ರಾಸಿಗೊಂದು ಪಂಚರ್ ಅಂಗಡಿ, ಮರದ ಕೆಳಗೆ ನೀರಿನ ಬುಟ್ಟಿ, ಕೊಂಬೆಗೆ ನೇತುಬಿದ್ದ ಹಳೇ ಟೈರು. ಅಂಗಡಿ ಹೆಚ್ಚಿದ ಹಾಗೆ ಸೀಟಿನ ಹಿಂದಿನ ಚೀಲ ಖಾಲಿಯಾಯಿತು. ಆಮೇಲೆ ಬೈಕುಗಳು ಬಂದವು, ಟ್ಯೂಬ್‌ಲೆಸ್ ಟೈರು ಬಂತು, ನಮ್ಮೂರ ಕ್ರಾಸಿನ ಅಂಗಡಿಯೂ ಮುಚ್ಚಿತು. ಆದರೆ ಸೈಕಲ್ ಹೋಗಿರಲಿಲ್ಲ. 2006–07ರಲ್ಲಿ ನಮ್ಮ ರಾಜ್ಯದಲ್ಲಿ 8ನೇ ತರಗತಿ ಮಕ್ಕಳಿಗೆ ಸೈಕಲ್ ಕೊಡುವ ಯೋಜನೆ ಶುರುವಾದ ಮೇಲೆ ಹಳ್ಳಿ ಹಳ್ಳಿಗೂ ಸೈಕಲ್ ಬಂದವು. ಸುದ್ದಿಗೆಂದು ಊರೂರು ತಿರುಗುವಾಗ ನೋಡುತ್ತೇನೆ, ಎಷ್ಟೋ ಮನೆಯ ಗೋಡೆಗೆ ಆನಿಸಿಟ್ಟ ಸೈಕಲ್ಲಿಗೆ ಇರುವ ರೋಗ ಒಂದೇ ಒಂದು ಪಂಚರ್.

ನಮ್ಮ ಪಕ್ಕದ ಮನೆಯ ಹುಡುಗಿಯೂ ಹೀಗೇ ಎರಡು ವಾರ ಹೈಸ್ಕೂಲಿಗೆ ನಡೆದಳು. ನಾಲ್ಕು ಕಿಲೋಮೀಟರು. ಪಂಚರ್ ಹಾಕಿಸಲು ಸೈಕಲ್ಲನ್ನು ಟಂಟಂನಲ್ಲಿ ಪೇಟೆಗೆ ಒಯ್ಯಬೇಕು, ಅದಕ್ಕೆ ಅವರಪ್ಪನಿಗೆ ಒಂದು ದಿನದ ಕೂಲಿ ಹೋಗುತ್ತದೆ. ಭಾನುವಾರ ಅಪ್ಪನ ಚೀಲ ತೆಗೆದೆ. ಸೊಲ್ಯೂಷನ್ ಒಣಗಿ ಕಲ್ಲಾಗಿತ್ತು, ಹೊಸದು ತಂದೆ. ಚಕ್ರ ಬಿಚ್ಚುವುದೇನೂ ಬೇಡ. ಒಂದು ಬದಿ ಟೈರು ಎಬ್ಬಿಸಿ ಟ್ಯೂಬು ಹೊರಗೆಳೆದರೆ ಸಾಕು. ನೀರಲ್ಲಿ ಮುಳುಗಿಸಿ ಗುಳ್ಳೆ ಎಲ್ಲಿ ಅಂತ ಅವಳೇ ಕಂಡುಹಿಡಿದಳು, ಉಜ್ಜಿ ಸೊಲ್ಯೂಷನ್ ಹಚ್ಚಿದಳು. ತಕ್ಷಣ ತೇಪೆ ಒತ್ತಲು ಹೋದಾಗ ತಡೆದೆ. ಸ್ವಲ್ಪ ಆರಿ ಕೈಗೆ ಅಂಟದ ಹಾಗಾದ ಮೇಲೆಯೇ ಒತ್ತಬೇಕು.

ಟ್ಯೂಬು ಒಳಗೆ ಸೇರಿಸಹೊರಟಾಗ ಅವಳೇ ಕೇಳಿದಳು, "ಕಾಕಾ, ಮುಳ್ಳು ಎಲ್ಲಿ ಹೋತು?" ನಾನು ಅದನ್ನು ಮರೆತೇಬಿಟ್ಟಿದ್ದೆ. ಟೈರಿನ ಒಳಗೆ ಬೆರಳಾಡಿಸಿದಳು. ಅಲ್ಲೇ ಇತ್ತು.